ಲಂಡನ್ ಹೋಟೆಲಿನ ಗಲ್ಲಾ ಹಿಂದೆ ಒಂದು ಚಿಟಿಕೆ ಇಂಗಿನ ಕಥೆ

‘ಸಾರ್, ಬೈ ಟೂ ಕಾಫಿ ಸಿಗುತ್ತಾ?’

ಲಂಡನ್ನಿನ ಪಶ್ಚಿಮ ಅಂಚಿನ ಹೌನ್ಸ್ಲೋದಲ್ಲಿ ಹೀಗೆ ಕೇಳುವವರು ಯಾವ ಊರಿನವರು ಎಂದು ತಲೆಯೆತ್ತಿ ನೋಡುವ ಅಗತ್ಯವೇ ಇಲ್ಲ. ನಮ್ಮ ಬಿಲ್ಲಿಂಗ್ ಯಂತ್ರದಲ್ಲಿ ಬೈ ಟೂ ಎಂಬ ಗುಂಡಿ ಇಲ್ಲ. ಒಂದು ಕಾಫಿಯ ಗುಂಡಿ ಒತ್ತಿ ಎರಡು ಲೋಟದಲ್ಲಿ ಕೊಡುತ್ತೇವೆ. ಕುಡಿದವರು ಹೊರಡುವಾಗ ‘ಊರಿಗೆ ಹೋಗಿ ಬಂದ ಹಾಗಾಯ್ತು’ ಎನ್ನುತ್ತಾರೆ. ಅಷ್ಟರಲ್ಲಿ ತಲೆಯ ಮೇಲೆ ಹೀಥ್ರೂಗೆ ಇಳಿಯುವ ಮತ್ತೊಂದು ವಿಮಾನ ಗುಡುಗುತ್ತದೆ, ನಾವು ಎಲ್ಲಿದ್ದೇವೆ ಎನ್ನುವುದು ನೆನಪಾಗುತ್ತದೆ.

ನಾವಿಬ್ಬರೂ ಈ ಹೋಟೆಲಿನ ಮಾಲೀಕರಲ್ಲ. ಮಾಲೀಕರು ಕುಂದಾಪುರದ ಕಡೆಯವರು, ಅವರಿಗೆ ಬೇರೆ ವ್ಯವಹಾರಗಳೂ ಇವೆ. ‘ಸ್ವಲ್ಪ ದಿನ ನೋಡಿಕೊಳ್ಳಿ’ ಎಂದು ಕೇಳಿದ್ದಕ್ಕೆ ಒಪ್ಪಿಕೊಂಡವರು ನಾವು. ಆ ‘ಸ್ವಲ್ಪ ದಿನ’ಕ್ಕೆ ಈಗ ಆರು ವರ್ಷ. ನಮ್ಮಲ್ಲೊಬ್ಬರು ಗಲ್ಲಾ, ಲೆಕ್ಕಪತ್ರ, ಕೆಲಸದವರ ರೋಟಾ ನೋಡಿಕೊಂಡರೆ, ಇನ್ನೊಬ್ಬರದು ಅಡುಗೆಮನೆ ಮತ್ತು ಹಾಲ್ ನಡುವಿನ ಓಡಾಟ. ‘ಓಹೋ, ಲಂಡನ್ನಿನಲ್ಲಿ ಹೋಟೆಲ್ ಮ್ಯಾನೇಜರ್ರಾ?’ ಎಂದು ಊರಿನ ಬಂಧುಗಳು ಹುಬ್ಬೇರಿಸುತ್ತಾರೆ. ಶನಿವಾರ ರಾತ್ರಿ ಪಾತ್ರೆ ತೊಳೆಯುವ ಯಂತ್ರ ಕೆಟ್ಟು ನಿಂತಾಗ ಮೊಣಕೈವರೆಗೆ ನೊರೆಯಲ್ಲಿ ಮುಳುಗಿ ನಿಲ್ಲುವವರು ನಾವೇ ಎಂಬುದನ್ನು ಅವರಿಗೆ ಹೇಳಲು ಹೋಗುವುದಿಲ್ಲ.

ಹಿಟ್ಟಿಗೂ ಚಳಿಯಾಗುತ್ತದೆ

ದಿನ ಶುರುವಾಗುವುದು ಬೆಳಿಗ್ಗೆಯಲ್ಲ, ಹಿಂದಿನ ಸಂಜೆ. ಉದ್ದು, ಅಕ್ಕಿ ನೆನೆದು ರುಬ್ಬಿ ಮುಗಿಯಬೇಕು. ನಮ್ಮ ಊರುಗಳಲ್ಲಿ ರಾತ್ರಿ ರುಬ್ಬಿಟ್ಟರೆ ಬೆಳಿಗ್ಗೆ ಹಿಟ್ಟು ಪಾತ್ರೆಯ ಮುಚ್ಚಳ ಎತ್ತುತ್ತದೆ. ಇಲ್ಲಿ ಜನವರಿಯಲ್ಲಿ ಹದಿನಾರು ಗಂಟೆಯಾದರೂ ಮಲಗಿಯೇ ಇರುತ್ತದೆ. ನಮ್ಮ ಅಡುಗೆ ಭಟ್ರು ಹಿಟ್ಟಿನ ಡ್ರಮ್ಮುಗಳನ್ನು ಬಿಸಿನೀರಿನ ಬಾಯ್ಲರ್ ಇರುವ ಕಿರುಕೋಣೆಯಲ್ಲಿಟ್ಟು ಬಾಗಿಲು ಹಾಕುತ್ತಾರೆ. ‘ಬಾಣಂತಿ ಕೋಣೆ’ ಎಂಬುದು ಅದಕ್ಕೆ ಅವರಿಟ್ಟ ಹೆಸರು. ಯಾರಾದರೂ ಬಾಗಿಲು ತೆರೆದಿಟ್ಟು ಹೋದರೆ ಬೈಗುಳ ಅಚ್ಚ ಕುಂದಾಪ್ರ ಭಾಷೆಯಲ್ಲಿ ಬರುತ್ತದೆ.

ಮೊದಲ ಸಲ ಕೌನ್ಸಿಲ್‌ನ ಆಹಾರ ಇನ್‌ಸ್ಪೆಕ್ಟರ್ ಬಂದಾಗ ಆ ಕೋಣೆಯ ಮುಂದೆಯೇ ನಿಂತುಬಿಟ್ಟರು. ಇಲ್ಲಿ ಇನ್‌ಸ್ಪೆಕ್ಟರುಗಳು ಹೇಳಿ ಕೇಳಿ ಬರುವವರಲ್ಲ. ಫ್ರಿಜ್‌ನಲ್ಲಿಡುವ ಪದಾರ್ಥ 8 ಡಿಗ್ರಿ ಸೆಲ್ಸಿಯಸ್ ಮೀರಬಾರದು, ಬಿಸಿಯಾಗಿಡುವ ಪದಾರ್ಥ 63 ಡಿಗ್ರಿಗಿಂತ ಕೆಳಗಿಳಿಯಬಾರದು ಎನ್ನುವುದು ಇಲ್ಲಿನ ಕಾನೂನು. ಹಾಗಿರುವಾಗ ರುಬ್ಬಿದ ಹಿಟ್ಟನ್ನು ರಾತ್ರಿಯಿಡೀ ಬೆಚ್ಚಗೆ ಇಡುವುದು ಎಂದರೇನು? ಭಟ್ರು ಇಂಗ್ಲಿಷ್‌ನಲ್ಲಿ ಹೇಳಿದ್ದು ಎರಡೇ ಪದ: ‘ಸೋರ್ ಕಮಿಂಗ್.’ ಉಳಿದದ್ದನ್ನು ನಾವು ವಿವರಿಸಬೇಕಾಯಿತು. ಹುಳಿ ಬಂದಷ್ಟೂ ಕೆಟ್ಟ ಬ್ಯಾಕ್ಟೀರಿಯಾಗಳಿಗೆ ಜಾಗವಿರುವುದಿಲ್ಲ, ಇಲ್ಲಿನವರ ಸೋರ್‌ಡೋ ಬ್ರೆಡ್ಡಿನ ಹಿಟ್ಟಿನಂತೆಯೇ ಎಂದೆವು. ಬ್ರೆಡ್ಡಿನ ಮಾತು ಬಂದ ಮೇಲೆ ಆಕೆಗೆ ತಟ್ಟನೆ ಅರ್ಥವಾಯಿತು. ಅಂದಿನಿಂದ ಪ್ರತಿದಿನ ಹಿಟ್ಟಿನ ಹುಳಿಯನ್ನು ಪರೀಕ್ಷಾ ಪಟ್ಟಿಯಲ್ಲಿ ಅಳೆದು ಬರೆದಿಡುತ್ತೇವೆ.

ಆದರೆ ಕಾವಲಿ ಗುಡಿಸುವ ತೆಂಗಿನ ಕಡ್ಡಿಯ ಪುಟ್ಟ ಪೊರಕೆಯನ್ನು ಉಳಿಸಿಕೊಳ್ಳಲು ನಮ್ಮಿಂದಾಗಲಿಲ್ಲ. ‘ದಿಸ್ ಈಸ್ ಎ ಬ್ರೂಮ್’ ಎಂದು ಆಕೆ ಕೇಳಲಿಲ್ಲ, ಘೋಷಿಸಿದರು. ಊರಿನ ಯಾವ ಹೋಟೆಲಿಗೆ ಹೋದರೂ ದೋಸೆ ಕಾವಲಿಯ ಪಕ್ಕ ಅದು ಇರುತ್ತದೆ ಎಂದು ವಾದಿಸಬಹುದಿತ್ತು. ವಾದಿಸಲಿಲ್ಲ. ಪೊರಕೆ ಹೋಯಿತು, ಸ್ಟೀಲ್ ಪಟ್ಟಿ ಬಂತು. ಸೊನ್ನೆಯಿಂದ ಐದರವರೆಗಿನ ಅಂಕದಲ್ಲಿ ನಮಗೆ ಸಿಕ್ಕಿದ್ದು ನಾಲ್ಕು. ಇಂಗ್ಲೆಂಡಿನಲ್ಲಿ ಆ ಅಂಕದ ಚೀಟಿಯನ್ನು ಬಾಗಿಲಿಗೆ ಅಂಟಿಸಲೇಬೇಕೆಂಬ ಕಡ್ಡಾಯವಿಲ್ಲ. ಪಕ್ಕದ ವೇಲ್ಸ್‌ನಲ್ಲಿ 2013ರಿಂದಲೇ ಕಡ್ಡಾಯ. ನಾವು ಅಂಟಿಸಿದೆವು. ‘ಐದು ಬಂದ ಮೇಲೆ ಅಂಟಿಸಿದರಾಗಿತ್ತು’ ಎಂದರು ಮಾಲೀಕರು.

ಒಂಬತ್ತು ಪೌಂಡಿನ ದೋಸೆ

‘ಮಸಾಲೆ ದೋಸೆಗೆ ಒಂಬತ್ತು ಪೌಂಡಾ? ಹತ್ತಿರ ಹತ್ತಿರ ಸಾವಿರ ರೂಪಾಯಿ!’ ಎಂದು ಬೆಂಗಳೂರಿನಿಂದ ಬಂದ ಅಪ್ಪ ಅಮ್ಮಂದಿರು ಮೆನು ಕೆಳಗಿಡುತ್ತಾರೆ. ಮಕ್ಕಳು ಮುಜುಗರದಿಂದ ನಮ್ಮತ್ತ ನೋಡುತ್ತಾರೆ. ಆ ಒಂಬತ್ತು ಪೌಂಡಿನಲ್ಲಿ ಒಂದೂವರೆ ಪೌಂಡ್ ನೇರವಾಗಿ ವ್ಯಾಟ್‌ಗೆ ಹೋಗುತ್ತದೆ. ಕೋವಿಡ್ ಕಾಲದಲ್ಲಿ ಸರ್ಕಾರ ಹೋಟೆಲುಗಳ ವ್ಯಾಟನ್ನು ಶೇ 20ರಿಂದ 5ಕ್ಕೆ ಇಳಿಸಿತ್ತು. 2022ರ ಏಪ್ರಿಲ್‌ನಿಂದ ಮತ್ತೆ 20. ಗಂಟೆಯ ಕನಿಷ್ಠ ಕೂಲಿ 2024ರ ಏಪ್ರಿಲ್‌ನಲ್ಲಿ 11.44 ಪೌಂಡ್ ಇದ್ದದ್ದು 2025ರ ಏಪ್ರಿಲ್‌ನಲ್ಲಿ 12.21 ಆಯಿತು. ದುಡಿಯುವವರ ಕೈಗೆ ಹೋಗುವ ಆ ಹಣದ ಬಗ್ಗೆ ನಮಗೆ ತಕರಾರಿಲ್ಲ. ಆದರೆ ಅದೇ ತಿಂಗಳು ಮಾಲೀಕರು ಕಟ್ಟುವ ನ್ಯಾಷನಲ್ ಇನ್ಶೂರೆನ್ಸ್ ಕೂಡ ಶೇ 13.8ರಿಂದ 15ಕ್ಕೆ ಏರಿತು. ಮೊಬೈಲ್ ಆ್ಯಪ್‌ನಲ್ಲಿ ಆರ್ಡರ್ ಬಂದರೆ ನಮ್ಮಿಂದ ಹಿಡಿಯುವ ಕಮಿಷನ್ ಶೇ 30ರ ಆಸುಪಾಸು. ಆ ದೋಸೆ ಮನೆ ಮುಟ್ಟುವ ಹೊತ್ತಿಗೆ ಗರಿ ಹೋಗಿ ಚಪಾತಿಯಾಗಿರುತ್ತದೆ, ದೂರು ಮಾತ್ರ ನಮಗೇ ಬರುತ್ತದೆ.

ಅಕ್ಕಿಯ ಕಥೆ ಬೇರೆ. 2023ರ ಜುಲೈ 20ರಂದು ಭಾರತ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. ಮುಂದಿನ ತಿಂಗಳು ಕುಸುಬಲಕ್ಕಿಯ ಮೇಲೂ ಶೇ 20 ರಫ್ತು ಸುಂಕ ಬಿತ್ತು. ಇಡ್ಲಿ ಅಕ್ಕಿ ಆ ಪಟ್ಟಿಗೇ ಬರುತ್ತದೆ. ಸೌತಾಲ್‌ನ ಸಗಟು ಅಂಗಡಿಗಳಲ್ಲಿ ‘ಒಬ್ಬರಿಗೆ ಎರಡೇ ಚೀಲ’ ಎಂಬ ಬೋರ್ಡು ನೋಡಿದೆವು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾಗ ಬೆಂಗಳೂರಿನಲ್ಲಿ ರವೆ ಇಡ್ಲಿ ಹುಟ್ಟಿತು ಎಂದು ಎಂಟಿಆರ್‌ನವರು ಹೇಳುತ್ತಾರಲ್ಲ, ಅದೇ ದಾರಿ ಹಿಡಿದು ನಾವೂ ವಾರದಲ್ಲಿ ಮೂರು ದಿನ ರವೆ ಇಡ್ಲಿ ಶುರು ಮಾಡಿದೆವು. 2024ರ ಸೆಪ್ಟೆಂಬರ್ ಕೊನೆಗೆ ನಿಷೇಧ ತೆರವಾಯಿತು. ರವೆ ಇಡ್ಲಿ ಮಾತ್ರ ಮೆನುವಿನಲ್ಲಿ ಉಳಿದುಕೊಂಡಿತು, ಜನರಿಗೆ ಹಿಡಿಸಿತ್ತು. ತಟ್ಟೆಯಲ್ಲಿಟ್ಟರೆ ಹೊರಗಿನವರ ಕಣ್ಣಿಗೆ ಇಡ್ಲಿಯೂ ರವೆ ಇಡ್ಲಿಯೂ ಒಂದೇ. ಆದರೆ ಒಂದು ಅಕ್ಕಿಯದು, ಇನ್ನೊಂದು ಗೋಧಿಯದು. ಈ ವ್ಯತ್ಯಾಸದ ತೂಕ ನಮಗೆ ಆಗ ಗೊತ್ತಿರಲಿಲ್ಲ.

ಸಾಸಿವೆ ಇಲ್ಲದ ಅಡುಗೆ ತೋರಿಸಿ

ಹೋಟೆಲಿನಲ್ಲಿ ಬಡಿಸುವ ಪ್ರತಿಯೊಂದು ಪದಾರ್ಥದಲ್ಲೂ ಅಲರ್ಜಿ ತರುವ 14 ವಸ್ತುಗಳಲ್ಲಿ ಯಾವುದಿದೆ, ಯಾವುದಿಲ್ಲ ಎಂದು ಗ್ರಾಹಕರಿಗೆ ಹೇಳಲೇಬೇಕು. 2014ರ ಡಿಸೆಂಬರ್‌ನಿಂದ ಇಲ್ಲಿ ಈ ನಿಯಮವಿದೆ. ಮೀನು, ಮೊಟ್ಟೆ, ಹಾಲು, ಸೋಯಾ, ಎಳ್ಳು, ಶೇಂಗಾ, ಗೋಡಂಬಿಯಂಥ ಬೀಜಗಳು, ಗ್ಲುಟನ್ ಇರುವ ಗೋಧಿ ಬಾರ್ಲಿ ಹೀಗೆ ಪಟ್ಟಿ ಸಾಗುತ್ತದೆ. ಮೀನು ಮೊಟ್ಟೆ ನಮ್ಮಲ್ಲಿ ಇಲ್ಲವಲ್ಲ, ಅರ್ಧ ಪಟ್ಟಿ ಹೋಯಿತು ಎಂದು ಮೊದಲು ನಿರಾಳವಾಗಿದ್ದೆವು. ಆಮೇಲೆ ಕಣ್ಣಿಗೆ ಬಿತ್ತು, ಆ ಹದಿನಾಲ್ಕರಲ್ಲಿ ಸಾಸಿವೆಯೂ ಇದೆ.

ಸಾಸಿವೆ ಸಿಡಿಯದ ಪದಾರ್ಥ ನಮ್ಮಲ್ಲಿ ಯಾವುದಿದೆ ಹೇಳಿ? ಪಲ್ಯ, ಚಟ್ನಿ, ಸಾಂಬಾರು, ಚಿತ್ರಾನ್ನ, ಮೊಸರನ್ನ ಎಲ್ಲದಕ್ಕೂ ಒಗ್ಗರಣೆ ಬೇಕೇ ಬೇಕು. ಒಗ್ಗರಣೆಯಿಲ್ಲದ್ದು ಕೇಸರಿಬಾತ್. ಅದರಲ್ಲಿ ರವೆ, ತುಪ್ಪ, ಗೋಡಂಬಿ ಇರುವುದರಿಂದ ಮೂರು ಗುರುತು. ಪುಳಿಯೋಗರೆಯ ಎದುರಿಗಂತೂ ಶೇಂಗಾ, ಎಳ್ಳು, ಸಾಸಿವೆ ಸಾಲಾಗಿ ನಿಂತವು. ಚಾರ್ಟ್ ಮುಗಿಸಿ ನೋಡಿದರೆ ನಮ್ಮ ಊಟ ಅಪಾಯದ ಗೋದಾಮಿನಂತೆ ಕಾಣುತ್ತಿತ್ತು. ನಕ್ಕೆವು. ಚಾರ್ಟನ್ನು ಗಲ್ಲಾದ ಕೆಳಗಿನ ಫೈಲಿಗೆ ಸೇರಿಸಿದೆವು.

ಗಲ್ಲಾ ಪಕ್ಕ ನಾವೇ ಪ್ಯಾಕ್ ಮಾಡಿ ಮಾರುವ ಚಟ್ನಿಪುಡಿ, ಕೋಡುಬಳೆ ಪೊಟ್ಟಣಗಳದ್ದು ಇನ್ನೂ ಕಟ್ಟುನಿಟ್ಟು. 2016ರಲ್ಲಿ ನತಾಶಾ ಎಂಬ 15 ವರ್ಷದ ಹುಡುಗಿ ವಿಮಾನ ನಿಲ್ದಾಣದಲ್ಲಿ ಕೊಂಡ ಬ್ಯಾಗೆಟ್ ತಿಂದು ಸತ್ತಳು. ಹಿಟ್ಟಿನೊಳಗೆ ಎಳ್ಳಿತ್ತು, ಪೊಟ್ಟಣದ ಮೇಲೆ ಬರೆದಿರಲಿಲ್ಲ. ಅವಳ ಹೆಸರಿನಲ್ಲೇ ಕರೆಯುವ ಕಾನೂನು 2021ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅಂಗಡಿಯಲ್ಲೇ ಮಾಡಿ ಕಟ್ಟಿಟ್ಟು ಮಾರುವ ತಿನಿಸಿನ ಮೇಲೆ ಏನೇನು ಹಾಕಿದೆ ಎಂಬ ಪೂರ್ತಿ ವಿವರವಿರಬೇಕು. ಆ ಚೀಟಿ ಬರೆಯಲು ಭಟ್ರ ಹತ್ತಿರ ಹೋಗಿ ‘ಚಟ್ನಿಪುಡಿಗೆ ಏನೇನು ಹಾಕ್ತೀರಿ?’ ಎಂದರೆ, ‘ಹಾಕುವುದನ್ನೆಲ್ಲ ಹಾಕ್ತೇನೆ ಮಾರಾಯ್ರೆ’ ಎಂಬ ಉತ್ತರ ಬಂತು.

ಭಟ್ರಿಗೆ ಈಗ 58. ಇಲ್ಲಿಗೆ ಬಂದು ಇಪ್ಪತ್ತು ವರ್ಷ ದಾಟಿತು. ಅಳತೆಯೆಲ್ಲ ಕಣ್ಣಿನಲ್ಲೂ ಬೆರಳ ತುದಿಯಲ್ಲೂ ಇದೆ, ಕಾಗದದ ಮೇಲೆ ಒಂದಕ್ಷರವಿಲ್ಲ. ಹೋಟೆಲಿಗೆ ಜನ ಬರುವುದೇ ಅವರ ಕೈಗುಣಕ್ಕೆ. ಹಾಗಾಗಿ ಅವರನ್ನು ಬರೆಯಲು ಒತ್ತಾಯಿಸುವ ಧೈರ್ಯ ಯಾರಿಗೂ ಇರಲಿಲ್ಲ, ನಮಗೂ ಸಹ.

ರಾಜ್ಯೋತ್ಸವದ ಶನಿವಾರ

ಅದು ನವೆಂಬರ್ ಮೊದಲ ವಾರಗಳ ಒಂದು ಶನಿವಾರ. ಹತ್ತಿರದ ಸಭಾಂಗಣದಲ್ಲಿ ಕನ್ನಡ ರಾಜ್ಯೋತ್ಸವದ ಕಾರ್ಯಕ್ರಮವಿತ್ತು. ಅಲ್ಲಿಗೆ ಬಿಸಿಬೇಳೆಬಾತ್, ಮೊಸರನ್ನ, ಹೋಳಿಗೆ ಕಳಿಸಿದ್ದು ನಾವೇ. ಅದು ಮುಗಿದ ಮೇಲೆ ‘ಒಂದು ಕಾಫಿ ಕುಡಿದು ಹೋಗೋಣ’ ಎಂದು ಅರ್ಧ ಸಭೆ ಹೋಟೆಲಿನೊಳಗೆ ಬಂತು. ಹೆಗಲ ಮೇಲೆ ಹಳದಿ ಕೆಂಪು ಶಾಲು, ಮಕ್ಕಳ ಕೆನ್ನೆಯ ಮೇಲೆ ಬಾವುಟದ ಬಣ್ಣ. ಮನಸ್ಸಿಗೆ ಖುಷಿ, ಕೈಕಾಲಿಗೆ ಕಷ್ಟ. ಬಾಗಿಲಲ್ಲಿ ಕಾಯುವವರ ಸಾಲು, ಎರಡು ಡೆಲಿವರಿ ಟ್ಯಾಬ್ಲೆಟ್ಟುಗಳ ಟಿಂಗ್ ಟಿಂಗ್ ಸದ್ದು, ಚಟ್ನಿ ಮುಗಿಯಿತು ಎಂಬ ಕೂಗು.

ಆ ದಿನ ಕೆಲಸಕ್ಕೂ ಜನ ಕಮ್ಮಿ. ನಮ್ಮಲ್ಲಿ ಬಡಿಸುವವರು ಹೆಚ್ಚಾಗಿ ಓದಲು ಬಂದ ವಿದ್ಯಾರ್ಥಿಗಳು. ಕಾಲೇಜು ನಡೆಯುವ ದಿನಗಳಲ್ಲಿ ಅವರು ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ‘ಇನ್ನೊಂದೇ ಗಂಟೆ ಇರ್ತೀನಿ ಅಕ್ಕಾ, ಯಾರಿಗೆ ಗೊತ್ತಾಗುತ್ತೆ’ ಎಂದು ಅವರೇ ಹೇಳುತ್ತಾರೆ. ಬಾಡಿಗೆಯ ಚಿಂತೆ ಅವರಿಗೆ. ಇಪ್ಪತ್ತೊಂದನೇ ಗಂಟೆ ಅವರ ವೀಸಾಕ್ಕೇ ಕುತ್ತು, ಹಾಗಾಗಿ ನಾವು ಮನೆಗೆ ಕಳಿಸುತ್ತೇವೆ. ಅಂದು ಹಾಗೆ ಇಬ್ಬರನ್ನು ಕಳಿಸಿ, ಕೆಲಸಕ್ಕೆ ಸೇರಿ ಎರಡು ವಾರವಾಗಿದ್ದ ದಾವಣಗೆರೆಯ ಹುಡುಗನಿಗೆ ಆರು ಟೇಬಲ್ ಕೊಟ್ಟಿದ್ದೆವು.

ಕಿಟಕಿ ಪಕ್ಕದ ಟೇಬಲ್‌ನಲ್ಲಿ ಒಬ್ಬ ಇಂಗ್ಲಿಷ್ ತಾಯಿ, ಜೊತೆಗೆ ಹನ್ನೊಂದು ಹನ್ನೆರಡು ವರ್ಷದ ಮಗಳು. ಮಗಳಿಗೆ ಸೀಲಿಯಾಕ್ ಕಾಯಿಲೆಯಿದೆ, ದೋಸೆಯಲ್ಲಿ ಗ್ಲುಟನ್ ಇದೆಯೇ ಎಂದು ತಾಯಿ ಕೇಳಿದರು. ಹುಡುಗ ಹೇಳಿದ, ‘ನೋ ಮ್ಯಾಮ್, ಓನ್ಲಿ ರೈಸ್ ಅಂಡ್ ಲೆಂಟಿಲ್ಸ್.’ ಅವನು ಸುಳ್ಳು ಹೇಳಲಿಲ್ಲ. ದೋಸೆ ಹಿಟ್ಟಿನಲ್ಲಿ ಅಕ್ಕಿ ಉದ್ದು ಬಿಟ್ಟರೆ ಮೆಂತ್ಯವಷ್ಟೇ. ಆನ್‌ಲೈನ್ ಮೆನುವಿನಲ್ಲೂ ದೋಸೆಯ ಎದುರು ‘ಗ್ಲುಟನ್ ಫ್ರೀ’ ಎಂದೇ ಇತ್ತು, ಹಾಕಿದವರು ನಾವೇ.

ಇಪ್ಪತ್ತು ನಿಮಿಷದ ಮೇಲೆ ಅವನು ಗಲ್ಲಾ ಹತ್ತಿರ ಬಂದು, ಬಿಲ್ಲಿನ ಕಾಗದ ಹರಿಯುತ್ತಾ, ಮಾತಿಗೆ ಮಾತು ಸೇರಿಸಿ, ‘ಆ ಪಾಪುಗೆ ಸಾಂಬಾರು ಭಾಳ ಇಷ್ಟ ಆಗಿದೆ ಅಕ್ಕಾ, ಗೋಧಿ ತಿನ್ನಂಗಿಲ್ವಂತೆ, ಮೂರನೇ ಸಲ ಹಾಕ್ಸ್ಕೊಂಡ್ಲು’ ಎಂದ.

ಎದೆ ಧಸಕ್ಕೆಂದಿತು. ಸಾಂಬಾರಿನಲ್ಲಿ ಇಂಗಿದೆ. ಡಬ್ಬಿಯಲ್ಲಿ ಸಿಗುವ ಪುಡಿ ಇಂಗು ಬರಿಯ ಇಂಗಲ್ಲ. ಗಿಡದ ಆ ಗಟ್ಟಿ ಹಾಲನ್ನು ಹಿಟ್ಟಿನ ಜೊತೆ ಬೆರೆಸಿ ಹದ ಮಾಡಿರುತ್ತಾರೆ. ಹೆಚ್ಚಿನ ಡಬ್ಬಿಗಳಲ್ಲಿ ಆ ಹಿಟ್ಟು ಗೋಧಿಯದು ಅಥವಾ ಮೈದಾ. ಅಡುಗೆಮನೆಗೆ ಓಡಿ ಡಬ್ಬಿ ತಿರುಗಿಸಿ ನೋಡಿದರೆ ಸಣ್ಣಕ್ಷರದಲ್ಲಿ ‘ವೀಟ್ ಫ್ಲೋರ್’ ಎಂದಿತ್ತು. ಅದಕ್ಕಿಂತ ದೊಡ್ಡ ವಿಷಯ ಡಬ್ಬಿಯ ಹಿಂದೆಯೇ ಕಾದಿತ್ತು. ಭಟ್ರು ಅದೇ ಕಾವಲಿಯ ಮೇಲೆ ರವೆ ದೋಸೆ ಹುಯ್ಯುತ್ತಿದ್ದರು. ಆ ಹಿಟ್ಟಿನಲ್ಲಿ ರವೆಯೂ ಇದೆ, ಮೈದಾವೂ ಇದೆ. ಅಂದಮೇಲೆ ಸಾಂಬಾರಷ್ಟೇ ಅಲ್ಲ, ದೋಸೆಯ ಬಗ್ಗೆ ನಾವು ಕೊಟ್ಟ ಮಾತೂ ನಿಲ್ಲುವಂಥದ್ದಲ್ಲ.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇದನ್ನು ಇಲ್ಲಿ ಒಪ್ಪಿಕೊಳ್ಳಬೇಕು, ಗಲ್ಲಾ ಹಿಂದೆ ನಿಂತು ನಾವಿಬ್ಬರೂ ಒಂದರ್ಧ ನಿಮಿಷ ಒಬ್ಬರ ಮುಖ ಒಬ್ಬರು ನೋಡಿದ್ದು ನಿಜ. ಹೊರಗೆ ಸಾಲಿನಲ್ಲಿ ನಲವತ್ತು ಜನ. ಎಲ್ಲರೂ ನಮ್ಮವರೇ, ನಮ್ಮ ಹೋಟೆಲ್ ಎಂದು ಹೆಮ್ಮೆಪಡುವವರು. ಅವರ ಎದುರು ಗಲಾಟೆಯಾದರೆ? ಆಮೇಲೆ ಹೋಗಿ ಆ ತಾಯಿಯ ಪಕ್ಕ ಕುಳಿತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು.

ಆಕೆ ಕೂಗಾಡಲಿಲ್ಲ. ಮಗಳ ತಟ್ಟೆಯನ್ನು ಮೆಲ್ಲಗೆ ತನ್ನತ್ತ ಎಳೆದುಕೊಂಡರು. ಸೀಲಿಯಾಕ್ ಎಂದರೆ ಉಸಿರು ಕಟ್ಟುವ ಅಲರ್ಜಿಯಲ್ಲ, ಗ್ಲುಟನ್ ಹೊಟ್ಟೆಗೆ ಹೋದರೆ ದೇಹವೇ ತನ್ನ ಸಣ್ಣ ಕರುಳಿನ ಒಳಪದರಕ್ಕೆ ಹಾನಿ ಮಾಡಿಕೊಳ್ಳುತ್ತದೆ, ಔಷಧಿಯಿಲ್ಲ, ಜೀವನವಿಡೀ ಬಿಟ್ಟಿರುವುದೊಂದೇ ದಾರಿ ಎಂದು ಆಕೆಯೇ ನಮಗೆ ವಿವರಿಸಿದರು. ಹುಡುಗಿ ಕೇಳಿದ್ದು ಒಂದೇ: ‘ಮಮ್, ಹೌ ಬ್ಯಾಡ್ ವಿಲ್ ಇಟ್ ಬಿ?’ ಬಿಲ್ ಬೇಡವೆಂದರೂ ಅವರು ತಮ್ಮ ಊಟದ ಹಣ ಕೊಟ್ಟೇ ಹೋದರು.

ಸೋಮವಾರ ಇಮೇಲ್ ಬಂತು. ಶನಿವಾರ ರಾತ್ರಿಯಿಡೀ ವಾಂತಿ, ಹೊಟ್ಟೆನೋವು. ಸೋಮವಾರ ಶಾಲೆಗೆ ಹೋಗಿಲ್ಲ. ‘ನೀವು ಹೇಳಿದ್ದರಿಂದ ಕಾರಣವಾದರೂ ಗೊತ್ತಾಯಿತು, ಆದರೆ ನೀವು ಮೊದಲೇ ತಿಳಿದಿರಬೇಕಿತ್ತು’ ಎಂದು ಬರೆದಿದ್ದರು. ಎರಡನೇ ಮಾತನ್ನು ಎಷ್ಟು ಸಲ ಓದಿದೆವೋ.

ಭಟ್ರ ನೋಟ್‌ಬುಕ್

ಅಂದು ಸಂಜೆ ದಾವಣಗೆರೆಯ ಹುಡುಗ ಕೆಲಸ ಬಿಡುತ್ತೇನೆಂದು ಬಂದ. ತಪ್ಪು ಅವನದಲ್ಲ, ಚಾರ್ಟನ್ನು ಫೈಲಿನಲ್ಲಿ ಮಲಗಿಸಿದವರು ನಾವು ಎಂದು ಕೂರಿಸಿ ಹೇಳಿದೆವು. ಮಾಲೀಕರಿಗೆ ಫೋನ್ ಮಾಡಿ, ‘ಗ್ಲುಟನ್ ಫ್ರೀ’ ಎಂಬ ಮಾತನ್ನು ಮೆನುವಿನಿಂದ ತೆಗೆಯುತ್ತೇವೆ ಎಂದಾಗ ಆ ಕಡೆಯಿಂದ ದೀರ್ಘ ಮೌನ. ಆ ಎರಡು ಪದಗಳಿಂದಲೇ ಬರುವ ಗಿರಾಕಿಗಳು ಕಮ್ಮಿಯೇನಲ್ಲ. ಹಾಗೆ ಬರೆಯಬೇಕೆಂದರೆ ಇಲ್ಲಿನ ಕಾನೂನಿನ ಪ್ರಕಾರ ಒಂದು ಕಿಲೋ ಆಹಾರದಲ್ಲಿ ಗ್ಲುಟನ್ 20 ಮಿಲಿಗ್ರಾಂ ದಾಟಬಾರದು. ರವೆ, ಮೈದಾ ಗಾಳಿಯಲ್ಲೇ ಹಾರುವ ನಮ್ಮ ಅಡುಗೆಮನೆಯಲ್ಲಿ ಯಾರು ಅಳೆದಿದ್ದಾರೆ? ಕೊನೆಗೆ ‘ತೆಗೀರಿ, ಆದರೆ ಸೇಲ್ ಬಿದ್ದರೆ ನೀವೇ ಉತ್ತರ ಕೊಡಬೇಕು’ ಎಂದರು. ಸೇಲ್ ಬಿತ್ತು. ಉತ್ತರವನ್ನೂ ಕೊಟ್ಟೆವು. ಮುಂದಿನ ತಿಂಗಳು ಅವರೇ ಒಂದು ಪುಟ್ಟ ಪ್ರತ್ಯೇಕ ಕಾವಲಿ, ಬೇರೆ ಇಡ್ಲಿ ಸ್ಟ್ಯಾಂಡು ಕಳಿಸಿಕೊಟ್ಟರು, ಏನೂ ಹೇಳದೆ.

ಕಷ್ಟವಾದದ್ದು ಭಟ್ರ ವಿಷಯ. ‘ಇಂಗಿಲ್ಲದೆ ಸಾಂಬಾರು ಮಾಡು ಅಂದರೆ ನಾನು ಊರಿಗೆ ಹೋಗ್ತೇನೆ’ ಎಂದರು. ಇಂಗು ಬೇಡ ಎಂದಲ್ಲ, ಗೋಧಿಯ ಬದಲು ಅಕ್ಕಿ ಹಿಟ್ಟು ಬೆರೆಸಿದ ಇಂಗು ತರೋಣ ಎಂದೆವು. ತಂದೆವು. ಮೂರು ದಿನ ‘ವಾಸನೆ ಸಾಲದು’ ಎಂದು ಮುಖ ಗಂಟಿಕ್ಕಿದರು. ನಾಲ್ಕನೇ ದಿನ ಮಾತಿಲ್ಲ. ಆದರೆ ಬರೆಯುವುದಕ್ಕೆ ಮಾತ್ರ ಒಪ್ಪಲಿಲ್ಲ. ‘ನನಗೆ ಇಂಗ್ಲಿಷ್ ಬರವಣಿಗೆ ಆಗುವುದಿಲ್ಲ’ ಎಂದಷ್ಟೇ ಅಂದು ತಿರುಗಿ ನಿಂತರು. ಇಷ್ಟು ವರ್ಷ ನಾವು ಅದನ್ನು ಹಠ ಎಂದುಕೊಂಡಿದ್ದೆವು. ಅದು ಸಂಕೋಚವಾಗಿತ್ತು.

ಮರುದಿನ ದಾವಣಗೆರೆಯ ಹುಡುಗ ಅಂಗಡಿಯಿಂದ ಒಂದು ಶಾಲೆಯ ನೋಟ್‌ಬುಕ್ ತಂದು ಭಟ್ರ ಮಸಾಲೆ ಡಬ್ಬಿಯ ಪಕ್ಕ ಇಟ್ಟ. ‘ಕನ್ನಡದಾಗೆ ಬರೀರಿ ಭಟ್ರೇ, ಟೈಪ್ ಮಾಡೋದು ನಂಗಿರ್ಲಿ’ ಎಂದ. ಎರಡು ದಿನ ಅದು ಎಣ್ಣೆ ಕಲೆ ಹತ್ತಿಸಿಕೊಂಡು ಖಾಲಿ ಬಿದ್ದಿತ್ತು. ಮೂರನೇ ದಿನ ಮೊದಲ ಪುಟದಲ್ಲಿ ದುಂಡನೆಯ, ಹಳೆಯ ಕಾಲದ ಅಕ್ಷರದಲ್ಲಿ ‘ಸಾಂಬಾರು’ ಎಂದು ಬರೆದು ಕೆಳಗೆ ಗೆರೆ ಎಳೆದಿತ್ತು. ಅದರ ಕೆಳಗೆ ಹದಿನೇಳು ಪದಾರ್ಥಗಳು. ಕೆಲವಕ್ಕೆ ಅಳತೆ, ಕೆಲವಕ್ಕೆ ‘ಕೈಗೆ ಬಂದಷ್ಟು’. ಈಗ ನೂರು ಪುಟ ದಾಟಿದೆ. ಹುಡುಗ ಪ್ರತಿ ರಾತ್ರಿ ಒಂದು ಪುಟವನ್ನು ಇಂಗ್ಲಿಷ್‌ಗೆ ಇಳಿಸಿ ಚಾರ್ಟಿಗೆ ಸೇರಿಸುತ್ತಾನೆ. ಗ್ರಾಹಕರು ಕೇಳಿದರೆ ‘ಇಲ್ಲ’ ಎನ್ನುವ ಮುನ್ನ ಚಾರ್ಟ್ ನೋಡಬೇಕು, ಚಾರ್ಟಿನಲ್ಲಿ ಇಲ್ಲದಿದ್ದರೆ ಒಳಗೆ ಹೋಗಿ ಕೇಳಬೇಕು. ಎಷ್ಟೇ ರಶ್ ಇರಲಿ.

ನೋಟ್‌ಬುಕ್ ಇನ್ನೊಂದು ಕಾರಣಕ್ಕೂ ನಮಗೆ ಬೇಕಿತ್ತು. ಭಟ್ರ ಮಂಡಿ ಈಗ ಮೊದಲಿನಂತಿಲ್ಲ, ಸಂಜೆಯಾದರೆ ಸ್ಟೂಲಿನ ಮೇಲೆ ಕುಳಿತೇ ದೋಸೆ ಹುಯ್ಯುತ್ತಾರೆ. ಮೊದಲಾದರೆ ಊರಿನಿಂದ ಒಬ್ಬ ನುರಿತ ಅಡುಗೆಯವರನ್ನು ವೀಸಾ ಮಾಡಿಸಿ ಕರೆಸಬಹುದಿತ್ತು. 2024ರ ಏಪ್ರಿಲ್‌ನಲ್ಲಿ ಆ ವೀಸಾಕ್ಕೆ ಬೇಕಾದ ಸಂಬಳದ ಸಾಮಾನ್ಯ ಮಿತಿ ವರ್ಷಕ್ಕೆ 26,200ರಿಂದ 38,700 ಪೌಂಡಿಗೆ ಏರಿತು. 2025ರ ಜುಲೈ 22ರಿಂದ ಪದವಿ ಮಟ್ಟದ ಕೆಲಸಗಳಿಗೇ ಆದ್ಯತೆ ಎಂದಾದ ಮೇಲೆ ಹೊಸದಾಗಿ ಅಡುಗೆಯವರನ್ನು ಹೊರದೇಶದಿಂದ ಕರೆತರುವ ದಾರಿ ಮುಚ್ಚಿದೆ. ಹಾಗಾಗಿ ಭಟ್ರಿಗೆ ಗೊತ್ತಿರುವುದನ್ನು ಇಲ್ಲಿಯೇ ಇರುವ ಯಾರಾದರೂ ಕಲಿಯಬೇಕು. ಸದ್ಯಕ್ಕೆ ಕಲಿಯುತ್ತಿರುವವಳು ಪಾತ್ರೆ ತೊಳೆಯಲು ಸೇರಿದ್ದ ಒಬ್ಬ ನೇಪಾಳಿ ಮಹಿಳೆ. ಆಕೆಗೆ ಕನ್ನಡ ಬಾರದು, ಭಟ್ರಿಗೆ ನೇಪಾಳಿ ಬಾರದು. ‘ಹೂಂ’, ‘ಊಹೂಂ’ ಎರಡರಲ್ಲೇ ಪಾಠ ನಡೆಯುತ್ತದೆ. ಆಕೆ ಹುಯ್ಯುವ ದೋಸೆಯ ಅಂಚು ಈಗಲೇ ಭಟ್ರದಕ್ಕಿಂತ ತೆಳ್ಳಗೆ ಬರುತ್ತದೆ. ಇದನ್ನು ಭಟ್ರ ಎದುರು ನಾವು ಹೇಳಿಲ್ಲ.

ಮಾರ್ಚ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಆ ತಾಯಿ ಮಗಳು ಮತ್ತೆ ಬಂದರು. ಬಾಗಿಲಲ್ಲಿ ಅವರನ್ನು ಮೊದಲು ಗುರುತಿಸಿದವನು ದಾವಣಗೆರೆಯ ಹುಡುಗ. ಚಾರ್ಟ್ ಹಿಡಿದುಕೊಂಡೇ ಹೋದ. ನಮ್ಮ ಅಡುಗೆಮನೆಯಲ್ಲಿ ಗೋಧಿ ಇದೆ, ಬೇರೆ ಸ್ಟ್ಯಾಂಡಿನಲ್ಲಿ ಇಡ್ಲಿ ಬೇಯಿಸಿ ಕೊಡುತ್ತೇವೆ, ಆದರೂ ನೂರಕ್ಕೆ ನೂರು ಖಾತ್ರಿ ಕೊಡಲಾರೆವು ಎಂದು ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದ. ತಾಯಿ ಕನ್ನಡಕ ಹಾಕಿಕೊಂಡು ಚಾರ್ಟನ್ನು ಉದ್ದಕ್ಕೂ ಓದಿದರು. ಮಗಳಿಗೆ ಎರಡು ಇಡ್ಲಿ, ಒಗ್ಗರಣೆಯಿಲ್ಲದ ಕಾಯಿ ಚಟ್ನಿ ಹೇಳಿದರು.

‘ಸಾಂಬಾರು?’ ಎಂದಳು ಹುಡುಗಿ.

‘ಐ ವಿಲ್ ಆಸ್ಕ್’ ಎಂದು ಹುಡುಗ ಒಳಗೆ ಹೋದ. ಭಟ್ರು ಸ್ಟೂಲಿನಿಂದ ಎದ್ದು, ನೋಟ್‌ಬುಕ್ ತೆರೆದು, ಬೆರಳಿಟ್ಟು ಓದಿದರು. ‘ಇಂಗು ಅಕ್ಕಿ ಹಿಟ್ಟಿನದ್ದೇ. ಪುಡಿಯೂ ಸರಿಯಿದೆ’ ಎಂದರು. ಆಮೇಲೆ ಸಾಂಬಾರಿನ ಪಾತ್ರೆಯೊಳಗಿನ ಸೌಟನ್ನು ನೋಡಿದರು. ಬೆಳಿಗ್ಗೆಯಿಂದ ಆ ಸೌಟು ಎಲ್ಲೆಲ್ಲಿ ಹೋಗಿ ಬಂದಿದೆಯೋ.

‘ಬೇಡ ಅಂತ ಹೇಳು’ ಎಂದರು.

ಹುಡುಗಿಯ ಮುಖ ಸಣ್ಣದಾಯಿತು, ಆದರೆ ಇಡ್ಲಿ ಎರಡಲ್ಲ, ನಾಲ್ಕು ತಿಂದಳು. ಅಷ್ಟರಲ್ಲಿ ಬಾಗಿಲಲ್ಲಿ ಎಂಟು ಜನರ ಒಂದು ಗುಂಪು, ಬುಕಿಂಗ್ ಇಲ್ಲ, ಎರಡು ಮಗು ಕುರ್ಚಿ ಬೇಕು. ಗಲ್ಲಾದಲ್ಲಿ ಯಾರೋ ಬೈ ಟೂ ಕಾಫಿ ಕೇಳುತ್ತಿದ್ದರು.